ಎಚ್ಚರಿಕೆ ಸಾರ್ವಜನಿಕರಿಗೆ ಮಾತ್ರವೇ?

ಮಾನ್ಯ ಸಂಪಾದಕರೇ,

ಹಾಸನದ ಬಿ.ಎಂ. ರಸ್ತೆಯ ವೀಸಾ ಕನ್ಸಲ್ಟೆನ್ಸಿ ರಾತ್ರೋರಾತ್ರಿ ಬಾಗಿಲು ಹಾಕಿಕೊಂಡು ಹೋದ ವರದಿಯನ್ನೂ, ಅದರ ಕೊನೆಯಲ್ಲಿ ‘ವಿದೇಶಿ ಉದ್ಯೋಗದ ಆಮಿಷಕ್ಕೆ ಸಾರ್ವಜನಿಕರು ಒಳಗಾಗಬಾರದು’ ಎಂದು ಅಧಿಕಾರಿಗಳು ದಯಪಾಲಿಸಿರುವ ಹಿತವಚನವನ್ನೂ ತಮ್ಮ ಪತ್ರಿಕೆಯಲ್ಲಿ ಓದಿದೆ. ಓದಿದ ಮರುದಿನವೇ, ಅದೇ ಸಂಸ್ಥೆಗೆ ಹಣ ಕಟ್ಟಿ ಮೋಸಹೋದ ನನ್ನ ತಂಗಿಯನ್ನೂ ಆಕೆಯ ಮಗಳನ್ನೂ ಕರೆದುಕೊಂಡು ದೂರು ಕೊಡಲು ಹೊರಟು, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಕಚೇರಿಯ ಬೆಂಚಿನಿಂದ ಇನ್ನೊಂದು ಕಚೇರಿಯ ಬೆಂಚಿಗೆ ಅಲೆದು, ಬರೆದುಕೊಂಡು ಹೋದ ದೂರನ್ನು ಹಾಗೆಯೇ ಮನೆಗೆ ತಂದವನು ನಾನು. ಆ ಹಿತವಚನಕ್ಕೆ ಉತ್ತರಿಸುವ ಹಕ್ಕು ನನಗಿದೆ ಎಂದು ಭಾವಿಸುತ್ತೇನೆ.

ಮೊದಲು ಹೋದ ಠಾಣೆಯಲ್ಲಿ, ಹಣ ಕೊಟ್ಟದ್ದು ಹಾಸನದಲ್ಲಿ, ಸಂಸ್ಥೆಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿ, ಕೆಲಸ ಇಂಗ್ಲೆಂಡಿನಲ್ಲಿ, ಹೀಗಿರುವಾಗ ನಮ್ಮ ಲಿಮಿಟ್ಸು ಎಲ್ಲಿ ಬರುತ್ತದೆ ಎಂದು ಕೇಳಿದರು. ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಠಾಣೆಯಲ್ಲಿ ದಾಖಲಿಸಿಕೊಳ್ಳಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮೇ ಹೇಳುತ್ತದಲ್ಲ ಎಂದಾಗ, ರಸೀದಿಯಲ್ಲಿ ‘ಡಾಕ್ಯುಮೆಂಟೇಷನ್ ಚಾರ್ಜಸ್’ ಎಂದಿದೆ, ಆದ್ದರಿಂದ ಇದು ಸಿವಿಲ್ ವ್ಯಾಜ್ಯ ಎಂಬ ಹೊಸ ಉತ್ತರ ಬಂತು. ಅಲ್ಲಿಂದ ಸೈಬರ್ ವಿಭಾಗಕ್ಕೆ ಹೋಗಿ ಎಂದರು. ಅಲ್ಲಿ, ಹಣವನ್ನು ಆನ್‌ಲೈನಿನಲ್ಲಿ ಕಳಿಸದೆ ಕೈಯಲ್ಲಿ ಎಣಿಸಿಕೊಟ್ಟಿರುವುದರಿಂದ ಇದು ತಮ್ಮದಲ್ಲ ಎಂದರು. ಕಾರ್ಮಿಕರಿಗೆ ಸಂಬಂಧಿಸಿದ ಇನ್ನೊಂದು ಕಚೇರಿಯಲ್ಲಿ, ಹುಡುಗಿ ಇನ್ನೂ ಕೆಲಸಕ್ಕೇ ಸೇರಿಲ್ಲವಾದ್ದರಿಂದ ಆಕೆ ಕಾರ್ಮಿಕಳೇ ಅಲ್ಲ ಎಂದು ಬಹಳ ತರ್ಕಬದ್ಧವಾಗಿ ತಿಳಿಸಿದರು. ಪಾಸ್‌ಪೋರ್ಟ್ ವಿಚಾರವಾದರೆ ಅಂಚೆ ಕಚೇರಿಗೆ ಹೋಗಿ ಎಂದು ಅಲ್ಲೇ ಒಬ್ಬರು ಸಲಹೆ ಕೊಟ್ಟರು. ಪಾಸ್‌ಪೋರ್ಟಿನಲ್ಲಿ ತೊಂದರೆಯೇ ಇಲ್ಲ ಎಂದು ನಾವು ಹೇಳುವಷ್ಟರಲ್ಲಿ ಅವರ ಊಟದ ಹೊತ್ತಾಗಿತ್ತು.

ಇಷ್ಟೆಲ್ಲದರ ನಡುವೆ ಯಾರೂ ಓದದೆ ಹೋದ ಕಾಗದವೊಂದಿದೆ. ಬ್ರಿಟನ್ನಿನ ವೃದ್ಧಾಶ್ರಮವೊಂದರಲ್ಲಿ ಕೇರ್ ಅಸಿಸ್ಟೆಂಟ್ (ಆರೈಕೆ ಸಹಾಯಕಿ) ಕೆಲಸಕ್ಕೆ ‘ವರ್ಕ್ ಪರ್ಮಿಟ್’ ಎಂದು ಕನ್ಸಲ್ಟೆನ್ಸಿಯವರು ಕೊಟ್ಟ, ಲ್ಯಾಮಿನೇಷನ್ ಮಾಡಿದ, ಮೂಲೆಯಲ್ಲಿ ಚಿನ್ನದ ಬಣ್ಣದ ಮುದ್ರೆ ಅಂಟಿಸಿದ, ಮೇಲ್ಗಡೆ ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ ಹಾಳೆ ಅದು. ಠಾಣೆಯಲ್ಲಿ ಅದನ್ನು ಬೆಳಕಿಗೆ ಹಿಡಿದು ನೋಡಿದವರೊಬ್ಬರು, ‘ಎಲ್ಲಾ ಕರೆಕ್ಟಾಗೇ ಇದ್ಯಲ್ಲಮ್ಮ, ಸೀಲೂ ಇದೆ, ಮೋಸ ಎಲ್ಲಿ ಬಂತು?’ ಎಂದು ನನ್ನ ತಂಗಿಯನ್ನೇ ಪ್ರಶ್ನಿಸಿದರು. ಬ್ರಿಟನ್ನಿನಲ್ಲಿ ಆ ಸರ್ಟಿಫಿಕೇಟು ಕಾಗದದ ರೂಪದಲ್ಲಿ ಇರುವುದೇ ಇಲ್ಲ. ಅದು ಉದ್ಯೋಗದಾತರು ಅಲ್ಲಿನ ಗೃಹ ಇಲಾಖೆಯ ಕಂಪ್ಯೂಟರಿನಲ್ಲಿ ಸೃಷ್ಟಿಸುವ ದಾಖಲೆಯಾಗಿದ್ದು, ಅರ್ಜಿದಾರರ ಕೈಗೆ ಸಿಗಬೇಕಾದದ್ದು ಅದರ ಸಂಖ್ಯೆ ಮಾತ್ರ. ವಿದೇಶಿಯರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಆ ದೇಶದ ಸರ್ಕಾರ ತನ್ನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ನಮ್ಮ ಹಾಳೆಯಲ್ಲಿರುವ ವೃದ್ಧಾಶ್ರಮದ ಹೆಸರು ಅದರಲ್ಲಿ ಇಲ್ಲ. ಇದನ್ನು ನಮಗೆ ತಿಳಿಸಿದ್ದು ಯಾವ ಇಲಾಖೆಯೂ ಅಲ್ಲ, ನಮ್ಮ ಹುಡುಗಿಯ ಸಹಪಾಠಿಯಾಗಿದ್ದು ಈಗ ಅಲ್ಲಿ ನರ್ಸ್ ಆಗಿರುವವರು, ಅದೂ ತನ್ನ ನೈಟ್ ಡ್ಯೂಟಿಯ ಮಧ್ಯೆ ವಾಟ್ಸ್ಆ್ಯಪ್‌ನಲ್ಲಿ.

ಇನ್ನೂ ದೊಡ್ಡ ಸಂಗತಿ ಬೇರೆಯೇ ಇದೆ. ಹೊರದೇಶಗಳಿಂದ ಹೊಸದಾಗಿ ಇಂತಹ ಕೇರ್ ವರ್ಕರ್‌ಗಳನ್ನು ಕರೆಸಿಕೊಳ್ಳುವುದನ್ನು ಬ್ರಿಟನ್ 2025ರ ಜುಲೈ 22ರಿಂದಲೇ ನಿಲ್ಲಿಸಿದೆ. ಈ ಮಹಾಶಯರು ಹಣ ಕಟ್ಟಿಸಿಕೊಂಡದ್ದು ಆ ವರ್ಷದ ದೀಪಾವಳಿ ಕಳೆದ ಮೇಲೆ. ಎತ್ತಿಹೋದ ಸಂತೆಗೆ ಸುಂಕ ವಸೂಲಿ ಮಾಡಿದಂತಾಯಿತು. ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ, ಖಾಸಗಿ ನರ್ಸಿಂಗ್ ಹೋಮಿನಲ್ಲಿ ದುಡಿಯುತ್ತಾ, ಇಂಗ್ಲಿಷ್ ಪರೀಕ್ಷೆಗೆ ಓದಿಕೊಂಡು ನೋಂದಾಯಿತ ನರ್ಸ್ ಆಗಿಯೇ ಹೋಗಬೇಕೆಂದಿದ್ದ ಹುಡುಗಿಯನ್ನು, ‘ಪರೀಕ್ಷೆಯ ಗೋಜೇ ಬೇಡ, ಮೊದಲು ಅಸಿಸ್ಟೆಂಟ್ ಆಗಿ ಹೋಗಿ, ಆಮೇಲೆ ನರ್ಸ್ ಆಗಬಹುದು’ ಎಂದು ದಾರಿ ತಪ್ಪಿಸಿದವರು ಇವರೇ. ನ್ಯಾಯವಾದ ದಾರಿ ಇಂದಿಗೂ ತೆರೆದೇ ಇದೆ. ಆದರೆ ಆ ದಾರಿಗೆ ಬೇಕಾದ ಹಣ ಇವರ ಪಾಲಾಗಿದೆ, ಒಡವೆ ಸಹಕಾರ ಸಂಘದಲ್ಲಿ ಅಡವಿದೆ.

ಕಾನೂನು ಇಲ್ಲವೇ ಎಂದರೆ ಇದೆ. 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ನೋಂದಣಿ ಪ್ರಮಾಣಪತ್ರವಿಲ್ಲದೆ ಯಾರೂ ವಿದೇಶಿ ಕೆಲಸಕ್ಕೆ ಜನರನ್ನು ನೇಮಕ ಮಾಡಿಸುವಂತಿಲ್ಲ. ಕೆಲಸ ಕೊಡಿಸುತ್ತೇವೆಂದು ಜಾಹೀರಾತು ನೀಡುವುದು ಕೂಡ ಆ ಕಾಯ್ದೆಯಲ್ಲಿ ನೇಮಕಾತಿಯೇ. ಹಾಗೆಂದ ಮೇಲೆ ಬಿ.ಎಂ. ರಸ್ತೆಯಲ್ಲಿ ಹೋಗಿಬರುವ ಪ್ರತಿಯೊಬ್ಬ ಅಧಿಕಾರಿಯ ಜೀಪಿನ ಕಿಟಕಿಗೂ ಕಾಣುವಂತೆ ಲಂಡನ್ನಿನ ಗಡಿಯಾರ ಗೋಪುರದ ಚಿತ್ರ ಹೊತ್ತು ನಿಂತಿದ್ದ ಆ ಬೋರ್ಡೇ ಸಾಕ್ಷಿಯಾಗಬೇಕಿತ್ತಲ್ಲವೇ? ನೋಂದಾಯಿತ ಏಜೆಂಟರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಅವರಾದರೂ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿಯಿದೆ. ಇವರು ಲಕ್ಷಗಳಲ್ಲಿ ಪಡೆದರು. ಮೊಕದ್ದಮೆಗೆ ದೆಹಲಿಯ ಅನುಮತಿ ಬೇಕು ಎಂದು ನಮ್ಮನ್ನು ಹೆದರಿಸಿದವರೂ ಉಂಟು. ವಿದೇಶಕ್ಕೆ ಹೊರಟವರು ತಾವೇ, ಅಥವಾ ಅವರ ತಂದೆತಾಯಿಯೇ ದೂರು ಕೊಟ್ಟಾಗ ಆ ಅನುಮತಿ ಬೇಕಿಲ್ಲ ಎಂದು ಅದೇ ಕಾಯ್ದೆಯ 27ನೇ ಕಲಮು ಹೇಳುತ್ತದೆ. ಮಗಳೂ ತಾಯಿಯೂ ಇಬ್ಬರೂ ಎದುರಿಗೇ ನಿಂತಿದ್ದರು. ಇಷ್ಟಾಗಿಯೂ ಆ ಕಾಯ್ದೆಯ 24ನೇ ಕಲಮಿನಲ್ಲಿರುವ ಶಿಕ್ಷೆ ಗರಿಷ್ಠ ಎರಡು ವರ್ಷ ಜೈಲು, ಗರಿಷ್ಠ 2,000 ರೂಪಾಯಿ ದಂಡ. ಕನ್ಸಲ್ಟೆನ್ಸಿಯವರ ‘ಫೈಲ್ ಓಪನಿಂಗ್’ ಶುಲ್ಕವೇ ಅದಕ್ಕಿಂತ ಹೆಚ್ಚಿತ್ತು.

ವಕೀಲರನ್ನು ಕಾಣಲಿಲ್ಲವೇ ಎಂದು ಯಾರಾದರೂ ಕೇಳಿಯಾರು. ಕಂಡೆವು. ಪರಿಚಿತರೂ ಸಜ್ಜನರೂ ಆದ ಅವರು, ಪಾಲುದಾವೆ, ಚೆಕ್ ಬೌನ್ಸು, ಜಾಮೀನು ಇವು ತಮ್ಮ ಕೆಲಸವೇ ಹೊರತು ಪರದೇಶದ ವೀಸಾ ನಿಯಮ ತಮಗಾಗಲಿ ತಮ್ಮ ಜತೆಯವರಿಗಾಗಲಿ ತಿಳಿಯದು ಎಂದು ಪ್ರಾಮಾಣಿಕವಾಗಿ ಹೇಳಿ ಫೀಸನ್ನೂ ಪಡೆಯಲಿಲ್ಲ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ ಎಂಬುದೂ ನನಗೆ ಗೊತ್ತು. ನೆರವು ಕೊಡುವವರಿಗೇ ಈ ವಿಷಯ ಹೊಸದಾದರೆ ಉಚಿತವಾದರೇನು, ದುಬಾರಿಯಾದರೇನು? ಕೆನಡಾದಲ್ಲಿ ವಲಸೆ ಸಲಹೆಗೆ ಹಣ ಪಡೆಯಬೇಕಾದರೆ ವಕೀಲರಾಗಿರಬೇಕು, ಇಲ್ಲವೇ ಅಧಿಕೃತ ಪರವಾನಗಿ ಇರಬೇಕು. ಪಂಜಾಬ್ ರಾಜ್ಯ 2012ರಲ್ಲೇ ಇಂತಹ ಏಜೆಂಟರ ಮೇಲೆ ಕಾಯ್ದೆ ಮಾಡಿತು. ಪಕ್ಕದ ಕೇರಳ 1996ರಲ್ಲಿ ಅನಿವಾಸಿಗಳಿಗೆಂದೇ ಪ್ರತ್ಯೇಕ ಇಲಾಖೆ ತೆರೆಯಿತು. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದಡಿಯಲ್ಲೂ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದಿದೆ, ಆದರೆ ಅದು ಇರುವುದು ಬೆಂಗಳೂರಿನಲ್ಲಿ, ಮತ್ತು ನಾವು ಹತ್ತಿದಿಳಿದ ಯಾವ ಕಚೇರಿಯಲ್ಲೂ ಒಬ್ಬರ ಬಾಯಲ್ಲಾದರೂ ಅದರ ಹೆಸರು ಬರಲಿಲ್ಲ.

ಇದು ಇಂದಿನ ಕಥೆಯೂ ಅಲ್ಲ. ಇದೇ ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ಲು ಹೆಸರಿನ ಹಿಂದೆ, ಆಧಾರಿನಲ್ಲಿ ಮುಂದೆ ಎಂಬ ಕಾರಣಕ್ಕೆ ಅಫಿಡವಿಟ್ಟಿನ ಮೇಲೆ ಅಫಿಡವಿಟ್ಟು ಮಾಡಿಸಿ, ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆಗೆ ಬಂದವರಿಗೆ ‘ಕಾಫಿ ಖರ್ಚು’ ಕೊಟ್ಟು, ಅಂಕಪಟ್ಟಿಗಳ ದೃಢೀಕರಣಕ್ಕೆ ಬೆಂಗಳೂರಿನ ಕಚೇರಿಯೊಂದರ ಮುಂದೆ ಟೋಕನ್ ಹಿಡಿದು ನಿಂತು, ಸರ್ವರ್ ಡೌನ್ ಎಂದು ರಾತ್ರಿಯ ರೈಲಿನಲ್ಲಿ ಮರಳಿದ್ದೇವೆ. ಒಂದು ಅಕ್ಷರ ಆಚೀಚೆಯಾದರೆ ಪ್ರಾಮಾಣಿಕರ ಅರ್ಜಿಯನ್ನು ಎಸೆಯುವಷ್ಟು ಸೂಕ್ಷ್ಮವಾದ ಈ ಕಣ್ಣುಗಳಿಗೆ ಚಿನ್ನದ ಬಣ್ಣದ ಮುದ್ರೆ ಮಾತ್ರ ಅಸಲಿಯಾಗಿ ಕಂಡಿದ್ದು ಸೋಜಿಗವೇ ಸರಿ. ಉದ್ಯೋಗ ಮೇಳಗಳಲ್ಲಿ ದೀಪ ಬೆಳಗಿಸಿ, ‘ನಮ್ಮ ಜಿಲ್ಲೆಯ ಯುವಕರು ಜಗತ್ತನ್ನೇ ಗೆಲ್ಲಬೇಕು’ ಎಂದು ಭಾಷಣ ಮಾಡುವವರಿಗೆ, ಆ ಜಗತ್ತಿಗೆ ಹೋಗುವ ಕಾಗದ ಯಾವುದೆಂದು ತಿಳಿದಿರಬೇಡವೇ? ಬೂವನಹಳ್ಳಿಯ ವಿಮಾನ ನಿಲ್ದಾಣದಿಂದ ವಿಮಾನ ಹಾರುವುದನ್ನಂತೂ ವರ್ಷಗಳಿಂದ ಕಾಯುತ್ತಿದ್ದೇವೆ. ಅದು ಹಾರುವ ಹೊತ್ತಿಗಾದರೂ ಹತ್ತುವವರ ವೀಸಾ ಅಸಲಿಯೋ ನಕಲಿಯೋ ಎಂದು ಹೇಳಬಲ್ಲ ಒಬ್ಬ ಸಿಬ್ಬಂದಿ ಈ ಜಿಲ್ಲೆಯಲ್ಲಿದ್ದರೆ ಒಳ್ಳೆಯದು.

ಜಿಲ್ಲೆಗೊಬ್ಬ ತಿಳಿವಳಿಕೆಯುಳ್ಳ ಅಧಿಕಾರಿಯನ್ನು ನೇಮಿಸಲಿ, ಇಲ್ಲವೇ ಇರುವ ಅಧಿಕಾರಿಗಳಿಗೇ ತಿಳಿವಳಿಕೆ ಕೊಡಿಸಲಿ. ನೋಂದಣಿಯಿಲ್ಲದ ಬೋರ್ಡುಗಳನ್ನೆಲ್ಲ ಇಳಿಸಲಿ, ನನ್ನ ತಂಗಿಯ ದೂರನ್ನು ಮೊದಲು ದಾಖಲಿಸಲಿ. ಇದಾವುದೂ ಆಗದೆಂದಾದರೆ ಪತ್ರಿಕೆಗಳ ಮೂಲಕ ನಮಗೆ ಬುದ್ಧಿ ಹೇಳುವುದನ್ನಾದರೂ ನಿಲ್ಲಿಸಲಿ. ಸಂಬಂಧಪಟ್ಟವರು ಕೂಡಲೇ ಇತ್ತ ಗಮನ ಹರಿಸಬೇಕು. ಸಂಬಂಧಪಟ್ಟವರು ಯಾರು ಎಂಬುದನ್ನೂ ಅವರವರೇ ಕೂತು ತೀರ್ಮಾನಿಸಿಕೊಳ್ಳಬೇಕು.

– ಸಾಲಗಾಮೆ ರಸ್ತೆಯ ನಿವಾಸಿ, ಹಾಸನ