ಹತ್ತಿಗೆ ಎರಡು ನೀರು ಸಾಕು: ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರಿಗೆ ನಮಸ್ಕಾರಗಳು.

ನಾನು ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ರೈತ. ನಮ್ಮದು ಎರೆ ಹೊಲ. ಮಳೆ ನಂಬಿ ಹತ್ತಿ ಬೆಳೆಯುತ್ತೇವೆ. ಹೊಲಕ್ಕೆ ಕಾಲುವೆ ಇಲ್ಲ, ಬೋರ್‌ವೆಲ್ ಕೊರೆಸುವ ಶಕ್ತಿ ಇಲ್ಲ. ಹಾಗಂತ ಕಾಲುವೆ ಕೇಳಲು ಬರೆಯುತ್ತಿಲ್ಲ. ಹೂ ಬಿಡುವಾಗ ಒಂದು ನೀರು, ಕಾಯಿ ಬಲಿಯುವಾಗ ಇನ್ನೊಂದು ನೀರು. ಅಷ್ಟಾದರೆ ನಮ್ಮ ಬೆಳೆ ಉಳಿಯುತ್ತದೆ.

2023 ನಿಮಗೂ ನೆನಪಿರುತ್ತದೆ. ಮುಂಗಾರು ತಡವಾಗಿ, ಜುಲೈನಲ್ಲಿ ಬಿತ್ತಿದೆವು. ಆ ತಿಂಗಳ ಕೊನೆಯ ಮಳೆಗೆ ನಮ್ಮ ಕೃಷಿ ಹೊಂಡ ತುಂಬಿತು. ಆಮೇಲೆ ಆಗಸ್ಟ್ ಪೂರ್ತಿ ಒಣ. ಮಘೆ ಮಳೆ ಕೈಕೊಟ್ಟಿತು. ಗಿಡ ಆಗಷ್ಟೇ ಮೊಗ್ಗು ಹಿಡಿದಿತ್ತು. ಒಂದು ಬೆಳಿಗ್ಗೆ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಗಿಡದ ಬುಡದಲ್ಲಿ ಮೊಗ್ಗುಗಳು ಹಳದಿಯಾಗಿ ಉದುರಿದ್ದವು. ಬೆರಳು ತೂರುವಷ್ಟು ನೆಲ ಬಾಯಿ ಬಿಟ್ಟಿತ್ತು. ಕೆಲವು ಮೊಗ್ಗು ಆ ಬಿರುಕಿನೊಳಗೇ ಬಿದ್ದಿದ್ದವು. ನೂರು ಹೆಜ್ಜೆ ಆಚೆ ಹೊಂಡದಲ್ಲಿ ನೀರಿತ್ತು. ಎತ್ತಿ ಹಾಯಿಸಲು ಪಂಪು ಇರಲಿಲ್ಲ. ಅರ್ಜಿ ಕೊಟ್ಟು ಕಾಯುತ್ತಿದ್ದೆ. ಕಾಯುತ್ತಿದ್ದಂತೆ ಹೊಂಡದ ನೀರು ಬಿಸಿಲಿಗೆ ಇಳಿಯಿತು, ಹೂವೂ ಹೋಯಿತು.

ಹಸಿ ಆರಿದರೆ ಹತ್ತಿ ಗಿಡ ಸಾಯುವುದಿಲ್ಲ. ಸಾಕಲಾಗದ ಮೊಗ್ಗು, ಎಳೆ ಕಾಯಿಗಳನ್ನು ಉದುರಿಸಿ ತಾನು ಬದುಕುತ್ತದೆ. ದೂರದಿಂದ ನೋಡಿದರೆ ಹೊಲ ಹಸಿರಾಗೇ ಕಾಣುತ್ತದೆ. ಬೆಳೆ ಸಮೀಕ್ಷೆಗೆ ಬಂದವರಿಗೂ ಹಾಗೇ ಕಾಣುತ್ತದೆ. ಹತ್ತಿ ಬಿಡಿಸುವಾಗಲೇ ನಷ್ಟ ಗೊತ್ತಾಗುವುದು.

ನೀರಿನ ಲೆಕ್ಕ ಹೇಳುತ್ತೇನೆ. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಸುಮಾರು 2 ಲಕ್ಷ ಲೀಟರ್. ಸಾಲು ಬಿಟ್ಟು ಸಾಲಿಗೆ ಹಾಯಿಸಿದರೆ ಹೆಚ್ಚುಕಡಿಮೆ ಅರ್ಧದಲ್ಲೇ ಮುಗಿಯುತ್ತದೆ. ಬೇರು ಒಂದು ಕಡೆಯಿಂದ ಹಸಿ ಎಳೆದುಕೊಂಡರೂ ಗಿಡ ಕಾಯಿ ಹಿಡಿದುಕೊಳ್ಳುತ್ತದೆ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡದಲ್ಲಿ, ಅಂಚಿಗೆ ಇಳಿಜಾರು ಬಿಟ್ಟರೂ, 2.5 ಲಕ್ಷ ಲೀಟರ್ ಹಿಡಿಯುತ್ತದೆ. ಅಂದರೆ ಸಾಲು ಬಿಟ್ಟು ಸಾಲಿಗೆ ಹಾಯಿಸಿದರೆ ಎರಡು ಎಕರೆಗೆ ಒಂದು ಸಲ, ಇಲ್ಲವೇ ಒಂದು ಎಕರೆಗೆ ಎರಡು ಸಲ. ಆ ಒಂದೆರಡು ನೀರಿನಿಂದ ಬರುವಷ್ಟು ಇಳುವರಿ ಆಮೇಲೆ ಕೊಡುವ ನಾಲ್ಕನೇ, ಐದನೇ ನೀರಿನಿಂದ ಬರುವುದಿಲ್ಲ. ಎರೆ ಮಣ್ಣಲ್ಲಿ ನೀರು ಜಾಸ್ತಿಯಾದರೂ ಕಷ್ಟವೇ. ಬರೀ ಸೊಪ್ಪು ಬೆಳೆಯುತ್ತದೆ. ಬಹಳ ದಿನ ಒಣಗಿಸಿ ಒಮ್ಮೆಲೇ ತುಂಬಾ ಹಾಯಿಸಿದರೆ ಗಿಡ ಇದ್ದಕ್ಕಿದ್ದಂತೆ ಬಾಡಿ ನಿಲ್ಲುವುದೂ ಉಂಟು. ಅದಕ್ಕೇ ಹೇಳುವುದು, ಸ್ವಲ್ಪ ಕೊಡಿ, ಹೊತ್ತಿಗೆ ಕೊಡಿ.

1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಹೊರಬಂದದ್ದು ನಮ್ಮ ಪಕ್ಕದ ಧಾರವಾಡದಿಂದ. ಈಗ ಈ ಕಡೆ ಹತ್ತಿ ಹೊಲಗಳೆಲ್ಲ ಗೋವಿನಜೋಳ ಆಗುತ್ತಿವೆ. ಅದು ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ. ಹತ್ತಿಗೆ ಐದಾರು ತಿಂಗಳು ಬೇಕು, ಅಷ್ಟು ದಿನ ಮಳೆ ನಂಬಲು ಯಾರಿಗೂ ಧೈರ್ಯ ಇಲ್ಲ.

ಮಳೆ ನಂಬಿದ ರೈತರಿಗೆ ಹೊಂಡ ತೋಡಿಸಲು ಸರ್ಕಾರ ನೆರವು ಕೊಡುವ ಕೃಷಿ ಭಾಗ್ಯ ಯೋಜನೆ 2014-15ರಲ್ಲಿ ಶುರುವಾಯಿತು. ಹೊಂಡದ ಜೊತೆಗೆ ಪಂಪು, ತುಂತುರು ನೀರಾವರಿ ಎಲ್ಲ ಸೇರಿಸಿದ್ದು ಒಳ್ಳೆಯ ಯೋಚನೆ. ಆಗ ತೋಡಿದ ಎಷ್ಟೋ ಹೊಂಡಗಳಲ್ಲಿ ಈಗ ಹೂಳು ತುಂಬಿದೆ. ಹೊಸದು ತೋಡುವ ಗುರಿಯ ಜೊತೆಗೆ ಹಳೆಯದರ ಹೂಳೆತ್ತಲೂ ದುಡ್ಡು ಇಡಿ.

ಇನ್ನು ಪಂಪು. ನಮ್ಮಂಥ ಸಣ್ಣ ರೈತನಿಗೆ ಅದು ವರ್ಷಕ್ಕೆ ಎರಡು ಮೂರು ದಿನ ಬೇಕಾಗುವ ವಸ್ತು. ಪ್ರತಿ ಮನೆಗೂ ಕೊಡುವ ಅಗತ್ಯ ಇಲ್ಲ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಕೊಡುವ ಹಾಗೆ ಡೀಸೆಲ್ ಪಂಪು, ಪೈಪು ಇಡಿಸಿ. ಆದರೆ ಒಂದೆರಡು ಇಟ್ಟರೆ ಸಾಲದು. ಮಳೆ ಹೋದಾಗ ಎಲ್ಲರಿಗೂ ಅದೇ ಹದಿನೈದು ದಿನದಲ್ಲಿ ಬೇಕು. ಹೋಬಳಿಯಲ್ಲಿ ಎಷ್ಟು ಹೊಂಡ ಇವೆ ಅಂತ ಎಣಿಸಿ, ಅದಕ್ಕೆ ತಕ್ಕಷ್ಟು ಇಡಿಸಿ. ಈ ಕೆಲಸ ಜುಲೈ ಒಳಗೆ ಮುಗಿಯಬೇಕು. ಮಘೆ ಮಳೆ ನೋಡಿಕೊಂಡು ಟೆಂಡರ್ ಕರೆದರೆ ಆಗ ನಮ್ಮ ಮೊಗ್ಗು ನೆಲದ ಮೇಲಿರುತ್ತವೆ.

ಇಂತಿ ತಮ್ಮ ವಿಶ್ವಾಸಿ,
ಸವಣೂರು ತಾಲ್ಲೂಕಿನ ಒಬ್ಬ ಹತ್ತಿ ಬೆಳೆಗಾರ