ಮಳೆಗಾಲದ ಕಾನ್ಫರೆನ್ಸ್ ಕಾಲ್‌ನಲ್ಲಿ ಮಾತು ಕೇಳಿಸಬೇಕು

ಮಾನ್ಯ ಸಂಪಾದಕರೇ,

ಮಳೆ ಜೋರಾದರೆ ಕೊಡಗಿನ ನಮ್ಮ ಮಾದಾಪುರ ಕಡೆ ಸಭೆಗಳೆಲ್ಲ ಫೋನಿನಲ್ಲೇ ನಡೆಯುತ್ತವೆ. ಬೆಳೆಗಾರರ ಗುಂಪಿನ ಸಭೆಯಿರಲಿ, ಮುನ್ನೆಚ್ಚರಿಕೆಯ ಸಭೆಯಿರಲಿ, ಕಾನ್ಫರೆನ್ಸ್ ಕಾಲ್. ರಸ್ತೆಗೆ ಮರ ಬಿದ್ದಿರುವಾಗ ಮಡಿಕೇರಿಗೆ ಹೋಗುವುದು ತಪ್ಪುತ್ತದೆ, ಒಳ್ಳೆಯದೇ. ಆದರೆ ಅರ್ಧ ಮಾತು ಕಿವಿಗೆ ಬೀಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ಇಂಥದ್ದೊಂದು ಕಾಲ್‌ನಲ್ಲಿ ಒಬ್ಬರು 'ಮುಕ್ಕೋಡ್ಲು ಹತ್ತಿರ ಬರೆ ಕುಸಿದಿದೆ' ಎಂದರು (ಬರೆ ಅಂದರೆ ಕಡಿದಾದ ಮಣ್ಣಿನ ದಿಬ್ಬ). ಆ ಕಡೆ ಬರೆದುಕೊಳ್ಳುತ್ತಿದ್ದವರು 'ಮಕ್ಕಂದೂರು, ಆಯ್ತು' ಎಂದರು. ತಿದ್ದಲು ನಾಲ್ಕೈದು ಜನ ಒಟ್ಟಿಗೆ ಮಾತಾಡಿದ್ದರಿಂದ ಏನೂ ಕೇಳದ ಹಾಗಾಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ಎರಡೂ ಊರಿನವರು ಪಟ್ಟ ಪಾಡು ಎಲ್ಲರಿಗೂ ಗೊತ್ತು. ಇಲ್ಲಿ ಊರಿನ ಹೆಸರು ತಪ್ಪಾಗಿ ಕೇಳುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ಎಲ್ಲರೂ ಟವರನ್ನೇ ಬೈಯುತ್ತಾರೆ. ಕರೆಂಟ್ ಹೋದರೆ ಸಿಗ್ನಲ್ ಹೋಗುವ ಊರುಗಳು ನಮ್ಮಲ್ಲಿವೆ, ನಿಜ. ಆದರೆ ಸಿಗ್ನಲ್ ತುಂಬಿರುವಾಗಲೂ ಮಾತು ಕೆಡುತ್ತದೆ. ಫೋನನ್ನು ಸ್ಪೀಕರ್‌ಗೆ ಹಾಕಿ ಮೇಜಿನ ನಡುವೆ ಇಟ್ಟು, ಸುತ್ತ ಕೂತು ಮಾತಾಡುವುದು ಇದಕ್ಕೆ ದೊಡ್ಡ ಕಾರಣ. ಬಾಯಿಗೂ ಮೈಕಿಗೂ ದೂರ ಎರಡು ಪಟ್ಟಾದರೆ ಮಾತಿನ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ತಲೆ ಮೇಲಿನ ಶೀಟಿಗೆ ಬಡಿಯುವ ಮಳೆಯ ಸದ್ದು ಮಾತ್ರ ಇಳಿಯುವುದಿಲ್ಲ. ಸದ್ದು ತಗ್ಗಿಸಲು ಹೋದ ಫೋನು ಮಳೆಯ ಜೊತೆ ಮಾತನ್ನೂ ನುಂಗಿಬಿಡುತ್ತದೆ. ಐವತ್ತು ನೂರು ರೂಪಾಯಿಯ ವೈರಿನ ಇಯರ್‌ಫೋನ್ ಹಾಕಿ, ಶೀಟಿನ ಜಗಲಿ ಬಿಟ್ಟು ಒಳಕೋಣೆಯಲ್ಲಿ ಕೂತು ನೋಡಿ. ಎಷ್ಟು ವ್ಯತ್ಯಾಸ ಅಂತ ಆ ಕಡೆಯವರೇ ಹೇಳುತ್ತಾರೆ.

ಇನ್ನೊಂದು ಕಾಟ ಪ್ರತಿಧ್ವನಿ. ನಮ್ಮ ಮಾತೇ ನಮಗೆ ತಿರುಗಿ ಕೇಳಿಸಿದರೆ ಸಾಮಾನ್ಯವಾಗಿ ತಪ್ಪು ನಮ್ಮ ಫೋನಿನದ್ದಲ್ಲ. ಬೇರೆ ಯಾರದ್ದೋ ಸ್ಪೀಕರಿನಿಂದ ಹೊರಟ ನಮ್ಮ ದನಿ ಅವರದೇ ಮೈಕಿಗೆ ಹೊಕ್ಕು ವಾಪಸ್ ಬರುತ್ತಿರುತ್ತದೆ. ಅವರಿಗೆ ಅದು ಗೊತ್ತೂ ಆಗುವುದಿಲ್ಲ, ಪಾಪ. ಸುಮ್ನೆ ಲೈನ್ ಕಟ್ ಮಾಡಿ ಮತ್ತೆ ಸೇರಿದರೆ ಅದು ಹೋಗುವುದಿಲ್ಲ. ಒಬ್ಬೊಬ್ಬರಾಗಿ ಮ್ಯೂಟ್ ಮಾಡುತ್ತಾ ಹೋಗಬೇಕು. ಯಾರು ಮ್ಯೂಟ್ ಆದಾಗ ನಿಲ್ಲುತ್ತದೋ ಅಲ್ಲೇ ತೊಂದರೆ.

ಇನ್ನು ಅಕ್ಷರ, ಅಂಕಿ ತಪ್ಪಾಗಿ ಕೇಳುವ ಕಾಟ. ಹಳೇ ಫೋನ್ ಲೈನಿನಲ್ಲಿ 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ ದಾಟುತ್ತದೆ (ದನಿ ತೆಳುವಾಗಿ ಏರಿದಷ್ಟೂ ಹರ್ಟ್ಸ್ ಹೆಚ್ಚು). 'ಸ'ದಂಥ ಅಕ್ಷರದ ಸದ್ದು ಬಹುಪಾಲು ಅದಕ್ಕಿಂತ ಮೇಲೆ. ವೋಲ್ಟಿ ಕರೆಯಲ್ಲಿ, ಅಂದರೆ 4ಜಿ ನೆಟ್‌ವರ್ಕಿನಲ್ಲೇ ಹೋಗುವ ಕರೆಯಲ್ಲಿ, ಸುಮಾರು 7000 ಹರ್ಟ್ಸ್‌ವರೆಗೂ ಹೋಗಬಹುದು, ಆದರೆ ಎರಡೂ ಕಡೆಯ ಫೋನು ಮತ್ತು ನಡುವಿನ ಕಾನ್ಫರೆನ್ಸ್ ಸೇವೆ ಅದಕ್ಕೆ ಒಗ್ಗಬೇಕು. ನಮ್ಮ ಹಿರಿಯ ಬೆಳೆಗಾರರು ಬಹಳ ಮಂದಿ ಇನ್ನೂ ಕೀಪ್ಯಾಡ್ ಫೋನಿನವರು. ಅವರನ್ನು ಬಿಡುವ ಹಾಗಿಲ್ಲ, ತೋಟದಲ್ಲಿ ಮಳೆ ಅಳೆದು ಬರೆದಿಡುವವರೇ ಅವರು. 'ಮೂರು ಇಂಚು ಎಪ್ಪತ್ತು ಸೆಂಟ್' (ಮಳೆಯ ಲೆಕ್ಕದಲ್ಲಿ ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಅಂದರೆ ಎಂಬತ್ತು ಅಂತ ಕೇಳುತ್ತದೆ. ಹಾಗಾಗಿ ಅಂಕಿಯನ್ನು 'ಮೂರು, ಏಳು, ಸೊನ್ನೆ' ಎಂದು ಬಿಡಿಸಿ ಹೇಳಲಿ. ಕೇಳಿದವರು ತಿರುಗಿ ಓದಲಿ. ಊರಿನ ಹೆಸರಿಗೂ ಹಾಗೇ, ಪಂಚಾಯಿತಿ ಹೆಸರು ಸೇರಿಸಿ.

ಸಭೆ ಕರೆಯುವ ಅಧಿಕಾರಿಗಳಲ್ಲಿ, ಸಂಘಗಳ ಕಾರ್ಯದರ್ಶಿಗಳಲ್ಲಿ ನನ್ನ ಕೋರಿಕೆ ಇಷ್ಟು. ನೀವು ಕೂರುವ ಕೋಣೆಗೆ ಪ್ರತಿಧ್ವನಿ ತಡೆಯುವ ಒಂದು ಕಾನ್ಫರೆನ್ಸ್ ಮೈಕ್ ತನ್ನಿ. ಎಲ್ಲರನ್ನೂ ಮ್ಯೂಟ್ ಮಾಡಿ, ಹೆಸರು ಕರೆದು ಮಾತಿಗೆ ಬಿಡುವ ಕೆಲಸ ಒಬ್ಬರಿಗೆ ವಹಿಸಿ. ಕಾಲ್ ಮುಗಿದ ಕೂಡಲೇ ಊರು, ಅಂಕಿ, ಯಾರು ಏನು ಮಾಡಬೇಕು ಅನ್ನುವುದನ್ನು ಮೆಸೇಜಿನಲ್ಲಿ ಕಳಿಸಿ. ಮತ್ತೆ ಜೂನ್‌ಗೆ ಮೊದಲೇ, ಮಳೆ ಇಲ್ಲದಾಗ, ಒಂದು ಪರೀಕ್ಷೆಯ ಕಾಲ್ ಮಾಡಿ. ಯಾರ ಫೋನು ಹೇಗೆ ಕೇಳುತ್ತದೆ ಅನ್ನುವುದು ಆಗಲೇ ತಿಳಿಯಲಿ.

– ಸಣ್ಣ ಬೆಳೆಗಾರ, ಮಾದಾಪುರ, ಸೋಮವಾರಪೇಟೆ ತಾಲ್ಲೂಕು