ಫ್ರಿಜ್ಜಿನಲ್ಲಿ ಮರೆತ ಸೀಸೆ

ಮಾಟುಂಗಾ, ಮುಂಬಯಿ

ಚಿ. ಶ್ರೀಧರನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಗಣಪತಿ ಹಬ್ಬಕ್ಕೆ ಪುಣೆಯಿಂದ ಬಂದವನು ನಮ್ಮ ಫ್ರಿಜ್ಜಿನಲ್ಲಿ ಮರೆತುಹೋದ ಸೀಸೆ, ಉಪ್ಪಿನಕಾಯಿ ಬಾಟಲಿಯ ಹಿಂದೆ ನಿನ್ನ ಅತ್ತೆಗೆ ಸಿಕ್ಕಿತು. ತಳದಲ್ಲಿ ಹೆಪ್ಪಾದ ಬಿಳಿ ಪುಡಿ, ಮೇಲೆ ‘ಮಾಟ್ಸ್-ಸಿ, ಸಂಶೋಧನೆಗೆ ಮಾತ್ರ’ ಎಂಬ ಚೀಟಿ. ಬ್ಯಾಚ್ ನಂಬರಿಲ್ಲ, ತಯಾರಕರ ವಿಳಾಸವಿಲ್ಲ. ನಾನು ಫೋನಿನಲ್ಲಿ ವಿಚಾರಿಸಿದಾಗ ನೀನು, ನಾಲ್ಕೈದು ಪೆಪ್ಟೈಡ್‌ಗಳನ್ನು, ಅಂದರೆ ಅಮೈನೋ ಆಮ್ಲಗಳ ಸಣ್ಣ ಸರಪಳಿಗಳನ್ನು, ಹೋಲಿಸಿ ನೋಡಿಯೇ ತರಿಸಿಕೊಂಡೆ ಎಂದೆ. ಆ ಹೋಲಿಕೆಯೇ ನನ್ನನ್ನು ಕಳವಳಕ್ಕೆ ಈಡುಮಾಡಿದೆ.

ತೂಕ ಇಳಿಸುವ ಪೆಪ್ಟೈಡ್ ಔಷಧವಾದ ಸೆಮಾಗ್ಲುಟೈಡನ್ನು 1,961 ಜನರ ಮೇಲೆ 68 ವಾರ ಪರೀಕ್ಷಿಸಿದಾಗ ತೂಕ ಸರಾಸರಿ ಶೇ. 14.9ರಷ್ಟು ಇಳಿಯಿತು, ಔಷಧವಿಲ್ಲದ ಇಂಜೆಕ್ಷನ್ ಪಡೆದವರಲ್ಲಿ ಇಳಿದದ್ದು ಶೇ. 2.4, ಯಾರಿಗೆ ವಾಂತಿಯಾಯಿತು, ಯಾರು ನಡುವೆ ಬಿಟ್ಟರು ಎಂಬುದಕ್ಕೂ ಲೆಕ್ಕವಿದೆ, ಔಷಧ ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಪಾಲು ಮರಳಿತು ಎಂಬುದಕ್ಕೂ ಲೆಕ್ಕವಿದೆ. ಸೆಮಾಗ್ಲುಟೈಡನ್ನು ಅಂಥದ್ದೇ ಇನ್ನೊಂದು ಔಷಧವಾದ ಟಿರ್ಜೆಪಟೈಡ್ ಜೊತೆ ಒಂದೇ ಪರೀಕ್ಷೆಯಲ್ಲಿ ಎದುರುಬದುರು ಇಟ್ಟು 72 ವಾರ ನೋಡಿದ ಫಲಿತಾಂಶ 2025ರಲ್ಲಿ ಬಂತು: ತೂಕ ಇಳಿದದ್ದು ಟಿರ್ಜೆಪಟೈಡ್‌ಗೆ ಶೇ. 20.2, ಸೆಮಾಗ್ಲುಟೈಡ್‌ಗೆ ಶೇ. 13.7. ಹೋಲಿಕೆ ಎಂದು ನಾನು ಒಪ್ಪುವುದು ಇಂಥದ್ದನ್ನು. ನಿನ್ನ ಸೀಸೆಯ ಮಾಟ್ಸ್-ಸಿಯನ್ನು ಅಮೆರಿಕದ ವಿಜ್ಞಾನಿಗಳು 2015ರಲ್ಲಿ ವರದಿ ಮಾಡಿದರು. 16 ಅಮೈನೋ ಆಮ್ಲಗಳ ಆ ಸರಪಳಿ, ಕೊಬ್ಬಿನ ಆಹಾರ ತಿಂದ ಇಲಿಗಳಲ್ಲಿ ಬೊಜ್ಜನ್ನೂ ಇನ್ಸುಲಿನ್ ಪ್ರತಿರೋಧವನ್ನೂ ತಡೆಯಿತು. ಸೊಗಸಾದ ಸಂಶೋಧನೆ, ನಿಜ, ಆದರೆ ಇಲಿಗಳದ್ದು. ವಯಸ್ಸನ್ನು ಹಿಂದಕ್ಕೆ ತಿರುಗಿಸುತ್ತದೆಂದು ನೀನು ಹೇಳಿದ ಎಪಿಟಲಾನ್ ಎಂಬ ಪೆಪ್ಟೈಡಿನ ಮೇಲಿನ ಸಂಶೋಧನೆಯಂತೂ ಹೆಚ್ಚಾಗಿ ರಷ್ಯಾದ ಒಂದೇ ತಂಡದ್ದು.

ಪುಡಿ ಶೇ. 99 ಶುದ್ಧವೆಂಬ ಎಚ್‌ಪಿಎಲ್‌ಸಿ ವರದಿಯನ್ನೂ, ಅಂದರೆ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದ ವರದಿಯನ್ನೂ, ಕಳಿಸಿದ್ದೀಯೆ. ಮೂವತ್ತೊಂದು ವರ್ಷ ಔಷಧಗಳ ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ವಿಭಾಗದಲ್ಲಿ ದುಡಿದವನಾಗಿ ಹೇಳುತ್ತೇನೆ ಮಗು, ಸತ್ತ ಬ್ಯಾಕ್ಟೀರಿಯಾ ಬಿಟ್ಟುಹೋಗುವ ಎಂಡೋಟಾಕ್ಸಿನ್ ಎಂಬ ವಿಷ ಆ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಲಾಳದಾಕಾರದ ಸಮುದ್ರ ಏಡಿಯ ರಕ್ತದಿಂದ ತಯಾರಿಸಿದ ಎಲ್‌ಎಎಲ್ ಎಂಬ ಪರೀಕ್ಷಾ ದ್ರಾವಣ ಬೇಕು. ಪುಡಿಯ ದ್ರಾವಣಕ್ಕೆ ಅದನ್ನು ಬೆರೆಸಿದ ನಳಿಕೆಯನ್ನು 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ತಲೆಕೆಳಗು ಮಾಡಿದಾಗ, ಒಳಗಿನದು ಗಟ್ಟಿಯಾಗಿ ಜಾರದೆ ನಿಂತಿತೆಂದರೆ ಬ್ಯಾಚ್ ಫೇಲ್. ಎಚ್‌ಪಿಎಲ್‌ಸಿಯಲ್ಲಿ ಚೊಕ್ಕವಾಗಿ ಪಾಸಾದ ಪುಡಿ ಹಾಗೆ ನಿಂತದ್ದನ್ನು ನನ್ನ ಕೈಯಲ್ಲೇ ಕಂಡಿದ್ದೇನೆ. ಅಂಥದ್ದು ಮೈಗೆ ಸೇರಿದರೆ ಚಳಿಜ್ವರ ಬರುತ್ತದೆ, ಹೆಚ್ಚಾದರೆ ರಕ್ತದೊತ್ತಡವೇ ಕುಸಿಯುತ್ತದೆ.

ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಬಂದದ್ದು ನಲವತ್ತೆರಡಕ್ಕೆ, ನಿನಗೀಗ ಮೂವತ್ತೆಂಟು. ನಿನ್ನ ಭಯ ನನಗೆ ಅರ್ಥವಾಗುತ್ತದೆ. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ ವರದಿ ಹಿಡಿದುಕೊಂಡು ಮುಂದಿನ ಶನಿವಾರ ಬಾ, ಹಾರ್ಮೋನು ತಜ್ಞರಾದ ಎಂಡೋಕ್ರೈನಾಲಜಿಸ್ಟರ ಬಳಿ ನಾನೂ ಜೊತೆಗೆ ಬರುತ್ತೇನೆ. ಸೀಸೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕಪಾಟಿನಲ್ಲಿಟ್ಟಿದ್ದೇನೆ. ಅಲ್ಲಿಯವರೆಗೆ ಇನ್ನೊಂದನ್ನು ತರಿಸಬೇಡ.

ಇತಿ ನಿನ್ನ ಮಾವ